ಬಿಎಸ್ಸಿ ಫಿಸಿಕ್ಸ್ ಓದ್ತಿದ್ದೀನಿ. ಅಮೆರಿಕದಲ್ಲಿ ಎಂಎಸ್ ಮಾಡಿ ಹರಿಕೇನ್ ಫೋರ್‌ಕಾಸ್ಟರ್ ಆಗಬಹುದಾ?

ಹನ್ನೆರಡು ವರ್ಷದ ಹಿಂದೆ ನನ್ನ ತಲೆಯಲ್ಲೂ ಇದೇ ಹುಳ ಹೊಕ್ಕಿತ್ತು. ಅಪ್ಪ ಅಡಿಕೆ ತೋಟ ಅಡ ಇಟ್ಟರು, ನಾನು ಫ್ಲೋರಿಡಾ ವಿಮಾನ ಹತ್ತಿದೆ.

ಓದು ಮಾತ್ರ ಹಬ್ಬ. ಡ್ವೊರಾಕ್ ವಿಧಾನ ಅಂತಿದೆ. ಉಪಗ್ರಹ ಚಿತ್ರದ ಮೇಲೆ ಸುರುಳಿ ಗೆರೆಯ ಪಾರದರ್ಶಕ ಹಾಳೆ ಇಟ್ಟು ತಿರುಗಿಸುತ್ತಾ, ಮೋಡದ ಪಟ್ಟಿ ಎಷ್ಟು ಸುತ್ತು ಬಂದಿದೆ ಅಂತ ಅಳೆಯೋದು. ಅದರಿಂದ ಬಿರುಸಿಗೆ ಒಂದು ಅಂಕ ಬರುತ್ತೆ, ಅದೇ ಟಿ. ಟಿ 3.5 ಅಂದರೆ ಗಾಳಿ 55 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.), ಟಿ 4 ಅಂದರೆ 65. ಹರಿಕೇನ್ ಅನ್ನಿಸಿಕೊಳ್ಳೋಕೆ 64 ಬೇಕು. ಆ ಅರ್ಧ ಅಂಕಕ್ಕಾಗಿ ಪಕ್ಕದವನ ಜೊತೆ ಒಂದು ಗಂಟೆ ಜಗಳ ಆಡಿದ್ದೀನಿ.

ಇನ್ನು ನನ್ನ ದಡ್ಡತನ. ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್ ಅಲ್ಲಿನ ಕೇಂದ್ರ ಸರ್ಕಾರದ್ದು. ಹುದ್ದೆಗೆ ಅಮೆರಿಕದ ಪೌರತ್ವ ಬೇಕು. ಗ್ರೀನ್ ಕಾರ್ಡ್ ಇದ್ದರೂ ಸಾಲದು, ನಮ್ಮವರಿಗೆ ಅದರ ಸರದಿಯೇ ವರ್ಷಾನುಗಟ್ಟಲೆ. ಇದನ್ನ ಯಾರೂ ಮುಚ್ಚಿಟ್ಟಿರಲಿಲ್ಲ, ನೇಮಕಾತಿ ಪ್ರಕಟಣೆಯಲ್ಲೇ ಇತ್ತು. ಹೊರಡೋ ಮುಂಚೆ ಜಿಆರ್‌ಇ ಅಂಕ ನೋಡಿದೆ, ಪ್ರೊಫೆಸರ್‌ಗಳ ಪೇಪರ್ ಓದಿದೆ, ಮನೆ ಬಾಡಿಗೆ ವಿಚಾರಿಸಿದೆ, ಸಂಬಳ ಎಷ್ಟು ಅಂತಲೂ ನೋಡಿದೆ. ಸಂಬಳ ಇದ್ದ ಪುಟದಲ್ಲೇ, ಸ್ವಲ್ಪ ಕೆಳಗೆ, ಅರ್ಹತೆ ಅಂತ ಒಂದು ಸಾಲು. ಅಲ್ಲಿವರೆಗೆ ಸ್ಕ್ರೋಲ್ ಮಾಡಲಿಲ್ಲ. ಅದನ್ನ ಓದಿದ್ದು ಎರಡನೇ ವರ್ಷ, ಅರ್ಜಿ ತುಂಬೋಕೆ ಕೂತಾಗ, ರಾತ್ರಿ ಎರಡು ಗಂಟೆಗೆ.

ಅಲ್ಲಾ, ನಿಮಗೆ ಹರಿಕೇನೇ ಯಾಕೆ ಬೇಕು? ಅದೇ ಸುಳಿ ನಮ್ಮ ಕಡಲಲ್ಲಿ ಎದ್ದರೆ ಸೈಕ್ಲೋನ್. ಬಂಗಾಳ ಕೊಲ್ಲಿಗೂ ಅರಬ್ಬಿ ಸಮುದ್ರಕ್ಕೂ ಮುನ್ಸೂಚನೆ ಕೊಡೋದು ದೆಹಲಿಯ ಹವಾಮಾನ ಇಲಾಖೆ. ಅಟ್ಲಾಂಟಿಕ್‌ನಲ್ಲಿ ವಿಮಾನವೇ ಚಂಡಮಾರುತದ ಕಣ್ಣಿನೊಳಗೆ ನುಗ್ಗಿ ಗಾಳಿ ಅಳೆದು ತರುತ್ತೆ. ನಮ್ಮಲ್ಲಿ ಹೆಚ್ಚಾಗಿ ಉಪಗ್ರಹವೇ ಗತಿ, ಹಾಗಾಗಿ ಆ ಅರ್ಧ ಅಂಕದ ಜಗಳಕ್ಕೆ ಇಲ್ಲೇ ಬೆಲೆ ಜಾಸ್ತಿ. 1999ರಲ್ಲಿ ಒಡಿಶಾದಲ್ಲಿ ಸೈಕ್ಲೋನ್‌ಗೆ ಸುಮಾರು ಹತ್ತು ಸಾವಿರ ಜನ ಸತ್ತರು. 2019ರಲ್ಲಿ ಅಲ್ಲಿಗೇ ಫೋನಿ ಸೈಕ್ಲೋನ್ ಬಂದಾಗ ಸುಮಾರು ಹನ್ನೆರಡು ಲಕ್ಷ ಜನರನ್ನ ಮೊದಲೇ ಸ್ಥಳಾಂತರ ಮಾಡಿದ್ದರು. ಇದಕ್ಕಿಂತ ದೊಡ್ಡ ಕೆಲಸ ಮಯಾಮಿಯಲ್ಲಿ ಏನಿದೆ?

ಬೆಂಗಳೂರಿನ ಐಐಎಸ್‌ಸಿಯಲ್ಲಿ, ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಿ ವಾತಾವರಣ ವಿಜ್ಞಾನ ಇದೆ. ಬಿಎಸ್ಸಿ ಫಿಸಿಕ್ಸ್‌ನವರನ್ನ ಹವಾಮಾನ ಇಲಾಖೆ ಎಸ್‌ಎಸ್‌ಸಿ (ಕೇಂದ್ರದ ಸ್ಟಾಫ್ ಸೆಲೆಕ್ಷನ್ ಕಮಿಷನ್) ಪರೀಕ್ಷೆ ಮೂಲಕ ಸೈಂಟಿಫಿಕ್ ಅಸಿಸ್ಟೆಂಟ್ ಆಗಿ ತಗೊಂಡಿದೆ. ವಯಸ್ಸಿನ ಮಿತಿ 30. ತೋಟ ಬಿಡಿಸಿಕೊಳ್ಳೋ ಹೊತ್ತಿಗೆ ನನಗೆ 33.

ಈಗ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ, ಇನ್ನೂ ಹುಟ್ಟದ ಹರಿಕೇನ್‌ಗಳಿಗೆ ಎಷ್ಟು ಮನೆ ಮಾಡು ಹಾರುತ್ತೆ ಅಂತ ಲೆಕ್ಕ ಹಾಕ್ತೀನಿ. ಮೇ ತಿಂಗಳಲ್ಲಿ ಮಾತ್ರ ಎರಡನೇ ಸ್ಕ್ರೀನ್‌ನಲ್ಲಿ ಬಂಗಾಳ ಕೊಲ್ಲಿ ತೆರೆದೇ ಇರುತ್ತೆ.