ಎರಡನೆಯವನು ಕಲಿಯೋದು ಎಲ್ಲಿ?

ಓದುಗರ ಪತ್ರ: "ಸಂಪಾದಕರಿಗೆ ನಮಸ್ಕಾರ. ನಿಮ್ಮ ಕ್ರೀಡಾ ಪುಟದಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ 2023ರ ಸೀಸನ್ ಬಗ್ಗೆ 'ರೋಚಕ' ಎಂದು ತಲೆಬರಹ ಕೊಟ್ಟಿದ್ದಿರಿ. ಓದಿ ಸಿಟ್ಟು ಬಂತು. ನಾನಿರುವುದು ಮಿನಿಯಾಪೊಲಿಸ್‌ನಲ್ಲಿ. ನಮ್ಮ ವೈಕಿಂಗ್ಸ್ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಕರ್ಕ್ ಕಸಿನ್ಸ್ ಗಾಯಗೊಂಡು ಬಿದ್ದ ಮೇಲೆ ನಾವು ನೋಡಿದ್ದು ಆಟವೇ ಅಲ್ಲ. ಇಡೀ ಲೀಗ್‌ನಲ್ಲಿ ಅದೇ ಕತೆ, ಎಲ್ಲಿ ನೋಡಿದರೂ ಎರಡನೇ ಕ್ವಾರ್ಟರ್‌ಬ್ಯಾಕ್, ಆಟದ ಮಟ್ಟವೇ ಇಳಿದಿದೆ. ಇಷ್ಟೊಂದು ಗಾಯಕ್ಕೆ ಮೈದಾನದ ಪ್ಲಾಸ್ಟಿಕ್ ಹುಲ್ಲೇ ಕಾರಣ. ಜೊತೆಗೆ ಹೊಸ ನಿಯಮಗಳು ಕ್ವಾರ್ಟರ್‌ಬ್ಯಾಕ್‌ಗಳನ್ನು ಗಾಜಿನ ಬೊಂಬೆ ಮಾಡಿಟ್ಟಿವೆ. ಪಕ್ಕದ ಮನೆಯ ಅಜ್ಜ ತಮ್ಮ ಕಾಲದಲ್ಲಿ ಆಟ ಚೆನ್ನಾಗಿತ್ತು, ಆಗ ಇಷ್ಟೊಂದು ಜನ ಗಾಯಗೊಳ್ಳುತ್ತಿರಲಿಲ್ಲ ಎನ್ನೋದು ಕೇಳಿದರೆ ಹೊಟ್ಟೆ ಉರಿಯುತ್ತದೆ. ಕೊನೆಗೊಂದು ಮಾತು. ನನ್ನ ಮಗ ಹೈಸ್ಕೂಲ್ ತಂಡದಲ್ಲಿ ಎರಡನೇ ಕ್ವಾರ್ಟರ್‌ಬ್ಯಾಕ್. ಬಿಡಿಸಿಬಿಡಲಾ?"

ಸಂಪಾದಕರ ಉತ್ತರ:

ಮೊದಲು ತಪ್ಪೊಪ್ಪಿಗೆ. ಆ ತಲೆಬರಹ ಕೊಟ್ಟದ್ದು ನಾನೇ. ಲೇಖನ ಬರೆದವರು ಪಾಪ ಆ ಪದ ಬಳಸಿರಲಿಲ್ಲ. ಪುಟ ಮುಗಿಸುವ ಅವಸರದಲ್ಲಿ ಸುಮ್ನೆ ಒಂದು ಪದ ಬೇಕಿತ್ತು, ಹಾಕಿದೆ. 2023ರ ಡಿಸೆಂಬರ್ 10ರಂದು ಲಾಸ್ ವೇಗಸ್‌ನಲ್ಲಿ ನಿಮ್ಮ ವೈಕಿಂಗ್ಸ್ ರೇಡರ್ಸ್ ಮೇಲೆ 3-0ಯಿಂದ ಗೆದ್ದ ಆಟವನ್ನು ನಾನೂ ಕೂತು ನೋಡಿದ್ದೇನೆ. ಅರವತ್ತು ನಿಮಿಷದ ಆಟದಲ್ಲಿ ಒಂದೇ ಒಂದು ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದ್ದರೆ ಸಿಗುವ ಮೂರು ಅಂಕ), ಅದೂ ಕೊನೆಯ ಎರಡು ನಿಮಿಷದ ಹತ್ತಿರ. ಮೂರನೇ ಕ್ವಾರ್ಟರ್ ಹೊತ್ತಿಗೆ ನಾನು ಒಗೆದ ಬಟ್ಟೆಯ ಬುಟ್ಟಿ ತಂದಿಟ್ಟುಕೊಂಡು ಮಡಚುತ್ತಿದ್ದೆ. ಅದನ್ನು ರೋಚಕ ಎಂದದ್ದು ತಪ್ಪು.

ಆದರೆ ನಿಮ್ಮ ಪತ್ರದ ಉಳಿದ ಮಾತಿಗೆಲ್ಲ ತಲೆಯಾಡಿಸಲು ಆಗುವುದಿಲ್ಲ.

ಹುಲ್ಲಿನಿಂದಲೇ ಶುರು ಮಾಡೋಣ. ಆ ವರ್ಷ ಎಲ್ಲರ ಬಾಯಲ್ಲಿ ಇದ್ದದ್ದು ಆ್ಯರನ್ ರಾಜರ್ಸ್. ಸೆಪ್ಟೆಂಬರ್ 11, ನ್ಯೂಯಾರ್ಕ್ ಜೆಟ್ಸ್‌ಗೆ ಅವನ ಮೊದಲ ಆಟ, ನಾಲ್ಕನೇ ಸ್ನ್ಯಾಪ್, ಅಂದರೆ ಚೆಂಡು ಆಟಕ್ಕೆ ಬಂದದ್ದು ನಾಲ್ಕನೇ ಸಲ. ಹಿಮ್ಮಡಿ ಹಿಂದಿನ ಅಕಿಲಿಸ್ ಟೆಂಡನ್ ಹರಿಯಿತು. ಆಡಿದ್ದು ಮೆಟ್‌ಲೈಫ್ ಮೈದಾನದ ಕೃತಕ ಹುಲ್ಲಿನ ಮೇಲೆ. ಮಾರನೇ ದಿನದಿಂದಲೇ ಹುಲ್ಲಿನ ಜಗಳ ಎದ್ದಿತು. ಸರಿ. ಆದರೆ ಕಸಿನ್ಸ್‌ಗೆ ಅದೇ ಟೆಂಡನ್ ಹರಿದದ್ದು ಎಲ್ಲಿ? ಅಕ್ಟೋಬರ್ 29, ಗ್ರೀನ್ ಬೇಯ ಲ್ಯಾಂಬೋ ಫೀಲ್ಡ್. ಅಲ್ಲಿ ಬೆಳೆದಿರುವುದು ನಿಜವಾದ ಹುಲ್ಲು, ಗಟ್ಟಿಯಾಗಿ ನಿಲ್ಲಲಿ ಎಂದು ನಡುವೆ ಪ್ಲಾಸ್ಟಿಕ್ ಎಳೆ ನೇಯ್ದಿದ್ದಾರೆ ಅಷ್ಟೆ. ಅವನನ್ನು ಯಾರೂ ಗುದ್ದಲೂ ಇಲ್ಲ. ಹಿಂದಕ್ಕೆ ಸರಿದು ಕಾಲೂರಿದ, ಮುಗಿಯಿತು. ನಿಮ್ಮದೇ ತಂಡದ ಉದಾಹರಣೆ ನಿಮ್ಮ ವಾದದ ಕಡೆ ನಿಲ್ಲುವುದಿಲ್ಲ.

ಹಾಗಂತ ಮಾಲೀಕರನ್ನು ಬಿಟ್ಟುಬಿಡಬೇಕು ಎಂದೇನಲ್ಲ. ನಿಜವಾದ ಹುಲ್ಲು ಹಾಕಿ ಎಂದು ಆಟಗಾರರ ಸಂಘ ವರ್ಷಗಳಿಂದ ಕೇಳುತ್ತಿದೆ. ಆಗ ಆಗದ ಕೆಲಸ, 2026ರ ಸಾಕರ್ ವಿಶ್ವಕಪ್‌ಗೆ ಹುಲ್ಲೇ ಬೇಕು ಎಂದು ಫಿಫಾ ಹೇಳಿದ ಕೂಡಲೇ ಆಗುವ ಕೆಲಸವಾಯಿತು. ಆ ವಿಶ್ವಕಪ್‌ನ ಮೈದಾನಗಳ ಪಟ್ಟಿಯಲ್ಲಿ ಮೆಟ್‌ಲೈಫ್ ಕೂಡ ಇದೆ. ಅತಿಥಿಗೆ ಬೆಳ್ಳಿ ಲೋಟ, ಮನೆಯವರಿಗೆ ಪ್ಲಾಸ್ಟಿಕ್. ಈ ವಿಷಯದಲ್ಲಿ ನಿಮ್ಮ ಸಿಟ್ಟಿಗೆ ನನ್ನದನ್ನೂ ಸೇರಿಸಿಕೊಳ್ಳಿ.

ಇನ್ನು ಪಕ್ಕದ ಮನೆಯ ಅಜ್ಜ. ಅವರಿಗೆ ನನ್ನ ನಮಸ್ಕಾರ ಹೇಳಿ, ಆಮೇಲೆ ಜೋ ನೇಮತ್ ಬಗ್ಗೆ ಕೇಳಿ. ಆ ಕಾಲದ ರಾಜಕುಮಾರ ಅವನು. 1969ರ ಜನವರಿಯಲ್ಲಿ ಗೆದ್ದೇ ಗೆಲ್ಲುತ್ತೇವೆ ಎಂದು ಮೊದಲೇ ಸಾರಿ, ಜೆಟ್ಸ್‌ಗೆ ಸೂಪರ್ ಬೌಲ್ ಎಂಬ ಫೈನಲ್ ಗೆದ್ದುಕೊಟ್ಟವನು. ಅವನ ಇಡೀ ವೃತ್ತಿಯ ಲೆಕ್ಕ ಹೀಗಿದೆ: 173 ಟಚ್‌ಡೌನ್ ಎಸೆತ (ಎದುರಾಳಿಯ ಕೊನೆಗೆರೆ ದಾಟಿಸಿ ಆರು ಅಂಕ ತಂದವು), 220 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದವು). ಎಸೆದದ್ದರಲ್ಲಿ ತನ್ನವರ ಕೈಸೇರಿದ್ದು ಅರ್ಧದಷ್ಟು. ಈಗ ಯಾವ ಕ್ವಾರ್ಟರ್‌ಬ್ಯಾಕ್ ಆದರೂ ಇಷ್ಟು ಎಸೆತ ಎದುರಾಳಿಗೆ ಕೊಟ್ಟರೆ ಎರಡು ಸೀಸನ್ ಉಳಿಯುವುದಿಲ್ಲ. ಆಗ ಅವನು ದೊಡ್ಡ ಆಟಗಾರನೇ, ಸಂಶಯವಿಲ್ಲ. ಆಗಿನ ನಿಯಮದಲ್ಲಿ ಚೆಂಡು ಹಿಡಿಯಲು ಓಡುವವನನ್ನು ದಾರಿಯುದ್ದಕ್ಕೂ ತಳ್ಳಬಹುದಿತ್ತು, ಎಸೆಯುವುದೇ ಕಷ್ಟವಾಗಿತ್ತು. 1977ರಲ್ಲಿ ಒಂದು ತಂಡ ಒಂದು ಆಟಕ್ಕೆ ಗಳಿಸುತ್ತಿದ್ದುದು ಸರಾಸರಿ 17ರ ಆಸುಪಾಸು. ನೋಡುವವರಿಗೆ ಬೇಜಾರಾಗುತ್ತಿದೆ ಎಂದೇ 1978ರಲ್ಲಿ ಲೀಗ್ ನಿಯಮ ಬದಲಿಸಿತು. ನೀವು ಗೋಳು ಎನ್ನುವ 2023ರಲ್ಲಿ ಸರಾಸರಿ 21 ದಾಟಿತ್ತು. 3-0 ಆಟಕ್ಕೆ ನಾವು ಇಷ್ಟು ಅಳುತ್ತೇವೆ. 1943ರಲ್ಲಿ ಡೆಟ್ರಾಯಿಟ್ ಮತ್ತು ನ್ಯೂಯಾರ್ಕ್ ಜೈಂಟ್ಸ್ 0-0 ಆಡಿ ಮನೆಗೆ ಹೋಗಿದ್ದರು. ಅಂಥ ಫಲಿತಾಂಶ ಆಮೇಲೆ ಬಂದೇ ಇಲ್ಲ.

"ಆಗ ಇಷ್ಟೊಂದು ಜನ ಗಾಯಗೊಳ್ಳುತ್ತಿರಲಿಲ್ಲ" ಎನ್ನುವುದೂ ಅಷ್ಟು ನೇರವಲ್ಲ. 1972ರಲ್ಲಿ ಒಂದೂ ಆಟ ಸೋಲದ ಮಯಾಮಿ ಡಾಲ್ಫಿನ್ಸ್ ಗೊತ್ತಲ್ಲ? ಅದರ ಕ್ವಾರ್ಟರ್‌ಬ್ಯಾಕ್ ಬಾಬ್ ಗ್ರೀಸಿ ಕಾಲು ಮುರಿದುಕೊಂಡು ಸೀಸನ್ನಿನ ಬಹುಭಾಗ ಹೊರಗಿದ್ದ. ಆ ಗೆಲುವುಗಳಲ್ಲಿ ಹೆಚ್ಚಿನವು 38 ವರ್ಷದ ಅರ್ಲ್ ಮೊರಾಲ್ ಕೈಯಲ್ಲಿ ಬಂದವು. 1985ರ ನವೆಂಬರ್ 18ರಂದು ವಾಷಿಂಗ್ಟನ್ನಿನ ಜೋ ಥೈಸ್‌ಮನ್ ಕಾಲು ಮುರಿದದ್ದನ್ನು ಇಡೀ ಅಮೆರಿಕ ಟಿವಿಯಲ್ಲಿ ನೋಡಿತು. ಅವನು ಮತ್ತೆ ಆಡಲೇ ಇಲ್ಲ. ಸರಿಯಾಗಿ 33 ವರ್ಷದ ಮೇಲೆ, ಅದೇ ನವೆಂಬರ್ 18ಕ್ಕೆ, ಅದೇ ತಂಡದ ಅಲೆಕ್ಸ್ ಸ್ಮಿತ್ ಕಾಲು ಅದೇ ಥರ ಮುರಿಯಿತು. ಎರಡೂ ಆಟದ ಸ್ಕೋರ್ 23-21. ಇದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ ಎನ್ನುತ್ತದೆ. ಸ್ಮಿತ್‌ಗೆ 17 ಆಪರೇಷನ್ ಆದವು. ಅವನು 2020ರಲ್ಲಿ ಮತ್ತೆ ಮೈದಾನಕ್ಕಿಳಿದ.

ತಲೆಗೆ ಬಿದ್ದ ಪೆಟ್ಟಿನ ಲೆಕ್ಕವಂತೂ ಆಗ ಇರಲೇ ಇಲ್ಲ. "ಗಂಟೆ ಬಾರಿಸಿತು" ಎಂದು ನಕ್ಕು, ಮೂಗಿಗೆ ಒಂದಿಷ್ಟು ಘಾಟು ಹಿಡಿದು ವಾಪಸ್ ಕಳಿಸುತ್ತಿದ್ದರು. ಈಗ ಹಾಗಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಮಯಾಮಿಯ ಟುವಾ ಟಾಗೊವೈಲೋವಾ ಒಂದು ಆಟದಲ್ಲಿ ಎದ್ದು ತೂರಾಡಿದ, ಆದರೂ ಆಡಿದ. ನಾಲ್ಕೇ ದಿನಕ್ಕೆ ಇನ್ನೊಂದು ಆಟದಲ್ಲಿ ಬಿದ್ದು, ಬೆರಳು ಸೆಟೆದು ಮಲಗಿದ. ಅದಾದ ಮೇಲೆ ನಿಯಮ ಬಿಗಿಯಾಯಿತು. ತೂರಾಡಿದರೆ ಆ ದಿನ ಮತ್ತೆ ಒಳಗೆ ಬಿಡುವಂತಿಲ್ಲ. ಅಂದರೆ ನಿಮ್ಮ ಟಿವಿಯಲ್ಲಿ ಎರಡನೇ ಕ್ವಾರ್ಟರ್‌ಬ್ಯಾಕ್ ಜಾಸ್ತಿ ಕಾಣಲು ಒಂದು ಕಾರಣ, ಮೊದಲನೆಯವನನ್ನು ಈಗ ನಿಜಕ್ಕೂ ಹೊರಗೆ ಕೂರಿಸುತ್ತಾರೆ. ಇದನ್ನು ಆಟದ ಮಟ್ಟ ಇಳಿದದ್ದು ಎಂದು ಕರೆಯಲು ನನಗೆ ಮನಸ್ಸು ಬಾರದು.

ಗಾಜಿನ ಬೊಂಬೆ ಮಾತಿಗೆ ಚಿಕ್ಕ ಉತ್ತರ ಸಾಕು. ಮೊಣಕಾಲಿಗೆ ಹೊಡೆಯಬಾರದು, ಮೈಭಾರ ಪೂರ್ತಿ ಅವನ ಮೇಲೆ ಹಾಕಬಾರದು ಎಂಬ ನಿಯಮಗಳು ಒಬ್ಬೊಬ್ಬ ದೊಡ್ಡ ಆಟಗಾರ ಬಿದ್ದಾಗ ಬಂದವು ಇಲ್ಲವೇ ಬಿಗಿಯಾದವು: ಕಾರ್ಸನ್ ಪಾಮರ್, ಟಾಮ್ ಬ್ರೇಡಿ, ರಾಜರ್ಸ್. ಕೆಲವು ಸಲ ಅತಿಯಾಗಿದೆ, ಒಪ್ಪುತ್ತೇನೆ. 2018ರಲ್ಲಿ ಮಯಾಮಿಯ ವಿಲಿಯಂ ಹೇಸ್, ಕ್ವಾರ್ಟರ್‌ಬ್ಯಾಕ್ ಮೇಲೆ ಭಾರ ಬೀಳದಿರಲಿ ಎಂದು ಮೈ ತಿರುಗಿಸಲು ಹೋಗಿ ತನ್ನ ಮೊಣಕಾಲನ್ನೇ ಹಾಳು ಮಾಡಿಕೊಂಡ. ಆದರೆ ಯಾರೂ ಮುಟ್ಟದೆ ಹರಿಯುವ ಟೆಂಡನ್‌ಗೆ ಯಾವ ರೆಫರಿ ತಪ್ಪಿನ ಫ್ಲ್ಯಾಗ್ ಎಸೆಯಬೇಕು?

ಈಗ ನಿಮ್ಮ ದೂರಿನಲ್ಲಿ ಸತ್ಯ ಇರುವ ಜಾಗಕ್ಕೆ ಬರುತ್ತೇನೆ. ಮೊದಲನೆಯವನ ಆಟ ಇಳಿದಿಲ್ಲ. ಇಳಿದಿರುವುದು ಎರಡನೆಯವನದ್ದು. ಇಳಿದಿದೆ ಅನ್ನುವುದಕ್ಕಿಂತ, ಅವನಿಗೆ ಕಲಿಯಲು ಜಾಗವೇ ಇಲ್ಲದಂತಾಗಿದೆ.

ನಾನು ಕರಾವಳಿಯವನು, ಹಾಗಾಗಿ ಯಕ್ಷಗಾನದ ಮಾತು ಬಂದೇ ಬರುತ್ತದೆ, ಸಹಿಸಿಕೊಳ್ಳಿ. ರಾತ್ರಿಯಿಡೀ ನಡೆಯುವ ಆಟದಲ್ಲಿ ಪೂರ್ವರಂಗ ಹಾಡುವುದು ಎಳೆಯ ಭಾಗವತರು. ಆಗ ಎದುರಿಗೆ ಜನ ಕಡಿಮೆ, ತಪ್ಪಿದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಪ್ರಧಾನ ಭಾಗವತರು ಆಮೇಲೆ ಬಂದು ಕೂರುತ್ತಾರೆ. ವರ್ಷಗಟ್ಟಲೆ ಹೀಗೆ ಹಾಡಿದವನಿಗೆ ಒಂದು ದಿನ ದೊಡ್ಡವರ ಗಂಟಲು ಕಟ್ಟಿದರೆ ಜಾಗಟೆ ಕೈಗೆತ್ತಿಕೊಳ್ಳಲು ಭಯವಿರುವುದಿಲ್ಲ.

ಎನ್‌ಎಫ್‌ಎಲ್‌ನಲ್ಲಿ ಆ ಪೂರ್ವರಂಗವನ್ನು ಒಂದೊಂದಾಗಿ ತೆಗೆದುಹಾಕಿದ್ದಾರೆ. ಯುರೋಪಿನಲ್ಲಿ ಲೀಗ್‌ನದೇ ಒಂದು ಮರಿ ಲೀಗ್ ಇತ್ತು. ಕರ್ಟ್ ವಾರ್ನರ್ ಎಂಬಾತ ಸೂಪರ್‌ಮಾರ್ಕೆಟ್ಟಿನಲ್ಲಿ ಸಾಮಾನು ಜೋಡಿಸುತ್ತಿದ್ದವನು, ಒಳಾಂಗಣ ಫುಟ್‌ಬಾಲ್ ಆಡಿ, 1998ರಲ್ಲಿ ಆ ಮರಿ ಲೀಗ್‌ನ ಆ್ಯಮ್‌ಸ್ಟರ್‌ಡ್ಯಾಮ್ ತಂಡಕ್ಕೆ ಆಡಿದ. ಮರುವರ್ಷ ಸೇಂಟ್ ಲೂಯಿಸ್ ತಂಡದ ಟ್ರೆಂಟ್ ಗ್ರೀನ್ ಮೊಣಕಾಲು ಹೋಯಿತು, ವಾರ್ನರ್ ಒಳಗೆ ಬಂದ, ಸೂಪರ್ ಬೌಲ್ ಗೆದ್ದ. ಆ ಮರಿ ಲೀಗನ್ನು 2007ರಲ್ಲಿ ಮುಚ್ಚಿದರು. ಆಟಗಾರರ ಸಂಘದ ಜೊತೆಗಿನ 2011ರ ಒಪ್ಪಂದದಲ್ಲಿ ದಿನಕ್ಕೆ ಎರಡು ಸಲದ ಬಿರುಸಿನ ಅಭ್ಯಾಸ ನಿಂತಿತು. ಪ್ಯಾಡ್ ತೊಟ್ಟು ಮೈಗೆ ಮೈ ತಾಗಿಸಿ ಆಡುವ ಅಭ್ಯಾಸ ಇಡೀ ಸೀಸನ್ನಿಗೆ 14 ದಿನ ಮಾತ್ರ. 2021ರಿಂದ ಸೀಸನ್ 16ರಿಂದ 17 ಆಟಕ್ಕೆ ಏರಿತು, ಅದಕ್ಕೆ ಮುಂಚಿನ ತಯಾರಿ ಆಟ ನಾಲ್ಕರಿಂದ ಮೂರಕ್ಕೆ ಇಳಿಯಿತು. ದುಡ್ಡು ತರುವ ಆಟ ಒಂದು ಹೆಚ್ಚಾಯಿತು, ಕಲಿಸುವ ಆಟ ಒಂದು ಕಡಿಮೆಯಾಯಿತು.

ಉಳಿದ ಅಭ್ಯಾಸದಲ್ಲಾದರೂ ಎರಡನೆಯವನಿಗೆ ಪಾಲು ಸಿಗುತ್ತದಾ? ತಂಡದ ಅಸಲಿ ಆಟದ ಎಸೆತಗಳೆಲ್ಲ ಹೆಚ್ಚುಕಡಿಮೆ ಮೊದಲನೆಯವನಿಗೇ. ಎರಡನೆಯವನು ಸ್ಕೌಟ್ ಟೀಮ್ ಜೊತೆ ನಿಂತು ಮುಂದಿನ ವಾರದ ಎದುರಾಳಿಯ ವೇಷ ಹಾಕುತ್ತಾನೆ. ಬೇರೆಯವರ ಆಟವನ್ನು ನಕಲು ಮಾಡಿ ತನ್ನ ತಂಡದ ರಕ್ಷಣೆಯವರಿಗೆ ಅಭ್ಯಾಸ ಮಾಡಿಸುತ್ತಾನೆ. ತನ್ನದೇ ಆಟ ಆಡಿ ನೋಡಲು ಅವನಿಗೆ ಹೊತ್ತಿಲ್ಲ. ಭಾನುವಾರ ಮೊದಲನೆಯವನು ಬಿದ್ದರೆ ಎಪ್ಪತ್ತು ಸಾವಿರ ಜನರ ಮುಂದೆ ಅವನ ಪೂರ್ವರಂಗ ಶುರು.

ಅದಕ್ಕೇ ನಿಮ್ಮ ವೈಕಿಂಗ್ಸ್ ಕತೆ ನನಗೆ ಗೋಳಿಗಿಂತ ಪಾಠವಾಗಿ ಕಾಣುತ್ತದೆ. ಕಸಿನ್ಸ್ ಬಿದ್ದದ್ದು ಭಾನುವಾರ. ಮಂಗಳವಾರ ಜಾಶ್ ಡಾಬ್ಸ್‌ನನ್ನು ಆ್ಯರಿಜೋನಾದಿಂದ ತರಿಸಿದರು. ಏರೋಸ್ಪೇಸ್ ಎಂಜಿನಿಯರಿಂಗ್ ಓದಿದ ಹುಡುಗ. ಮುಂದಿನ ಭಾನುವಾರ ಅಟ್ಲಾಂಟಾದಲ್ಲಿ ಆಡಬೇಕಿದ್ದ ಜೆರೆನ್ ಹಾಲ್ ತಲೆಗೆ ಪೆಟ್ಟು ತಿಂದು ಬೇಗ ಹೊರಬಿದ್ದ. ಡಾಬ್ಸ್‌ಗೆ ಎಷ್ಟೋ ಜೊತೆಗಾರರ ಹೆಸರೂ ಗೊತ್ತಿರಲಿಲ್ಲ. ಚೆಂಡು ಹಿಂದಕ್ಕೆ ಕೊಡುವ ಸೆಂಟರ್ ಆಟಗಾರನ ಕೈಯಿಂದ ಅದನ್ನು ಪಡೆಯುವ ತಾಳವನ್ನು ಪಕ್ಕದ ಗೆರೆಯಾಚೆ ನಿಂತು ಅಲ್ಲೇ ಕಲಿತ. ಕೋಚ್ ಕೆವಿನ್ ಓಕಾನೆಲ್ ಹೆಲ್ಮೆಟ್ಟಿನ ರೇಡಿಯೊದಲ್ಲಿ ಒಂದೊಂದು ಆಟವನ್ನೂ ಬಿಡಿಸಿ ಹೇಳಿಕೊಟ್ಟರು. ಆ ರೇಡಿಯೊ ಕೂಡ ಪ್ರತಿ ಆಟ ಶುರುಮಾಡಲು ಕೊಡುವ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಸತ್ತುಹೋಗುತ್ತದೆ, ಆಮೇಲೆ ಅವನ ಪಾಡು ಅವನಿಗೆ. ಮೊದಮೊದಲು ಎಡವಿದ, ಚೆಂಡು ಕೈಬಿಟ್ಟ. ಕೊನೆಯ ನಿಮಿಷದಲ್ಲಿ ಟಚ್‌ಡೌನ್ ಎಸೆದು 31-28 ಗೆಲ್ಲಿಸಿದ. ಆ ಒಂದು ದಿನಕ್ಕೆ ರೋಚಕ ಎನ್ನಬಹುದು ಅಲ್ವಾ?

ಮುಂದಿನದ್ದು ನಿಮಗೆ ಗೊತ್ತು. ಎದುರಾಳಿಗಳು ಅವನ ವಿಡಿಯೊ ನೋಡಿಕೊಂಡು ಬಂದರು. ಶಿಕಾಗೊ ವಿರುದ್ಧ ನಾಲ್ಕು ಇಂಟರ್‌ಸೆಪ್ಷನ್. ನಾನು ಬಟ್ಟೆ ಮಡಚಿದ ಆ ಲಾಸ್ ವೇಗಸ್ ಆಟದಲ್ಲಿ ಅವನನ್ನು ಕೂರಿಸಿ ನಿಕ್ ಮುಲ್ಲೆನ್ಸ್‌ನನ್ನು ಇಳಿಸಿದರು. ತಂಡ 7 ಗೆದ್ದು 10 ಸೋತಿತು. ಡಾಬ್ಸ್ ದಡ್ಡನಾದದ್ದಲ್ಲ. ಕೆಚ್ಚು ಒಂದೆರಡು ವಾರ ನಡೆಸಿತು, ಅದರಾಚೆಗೆ ಬೇಕಿದ್ದದ್ದು ಅಭ್ಯಾಸ. ಅದೇ ವರ್ಷ ಕ್ಲೀವ್‌ಲ್ಯಾಂಡ್ ಐದು ಕ್ವಾರ್ಟರ್‌ಬ್ಯಾಕ್‌ಗಳನ್ನು ಆಡಿಸಿತು. ಅವರಲ್ಲಿ ತಂಡವನ್ನು ದಡ ಸೇರಿಸಿದವನು ಮನೆಯಲ್ಲಿ ಕೂತಿದ್ದ 38 ವರ್ಷದ ಜೋ ಫ್ಲಾಕೊ. ಪ್ಲೇಆಫ್‌ಗೆ ಮುಂಚೆ ಆಡಿದ ಐದರಲ್ಲಿ ನಾಲ್ಕು ಗೆದ್ದ. ಅವನು ಕಲಿತದ್ದೆಲ್ಲ ಹಳೆಯ ವರ್ಷಗಳಲ್ಲಿ, ತಾನೇ ಮೊದಲನೆಯವನಾಗಿದ್ದಾಗ.

ಹಾಗಾದರೆ ಅಭ್ಯಾಸ ಮತ್ತೆ ಹೆಚ್ಚಿಸೋಣ ಎನ್ನಬಹುದು ನೀವು. ಇಲ್ಲಿ ನಿಮ್ಮ ಪತ್ರ ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಅಭ್ಯಾಸ ಕಡಿಮೆ ಮಾಡಿದ್ದು ಆಟಗಾರರ ಮೈ ಉಳಿಯಲಿ ಎಂದು. ಗಾಯ ಕಡಿಮೆಯಾಗಬೇಕು, ಆಟ ಮೊದಲಿಗಿಂತ ಹದವಾಗಿರಬೇಕು, ಸೀಸನ್ ಉದ್ದವಾಗಬೇಕು ಎಂದರೆ ಮೂರೂ ಒಟ್ಟಿಗೆ ಸಿಗುವುದಿಲ್ಲ. ಬಿಡಬೇಕಾದದ್ದು ಹದಿನೇಳನೇ ಆಟ ಎಂದು ನನ್ನ ಅಭಿಪ್ರಾಯ. ಮಾಲೀಕರು ಬಿಡುವುದಿಲ್ಲ, ಬಿಡಿ. ಆದರೆ ನಾವು ನೋಡುವವರೂ ಸಾಚಾಗಳಲ್ಲ. 2019ರ ಆಗಸ್ಟ್‌ನಲ್ಲಿ ಇಂಡಿಯಾನಾಪೊಲಿಸ್‌ನ ಆ್ಯಂಡ್ರೂ ಲಕ್ ಗಾಯಗಳಿಂದ ಸೋತು 29ಕ್ಕೇ ನಿವೃತ್ತಿಯಾಗುತ್ತಿದ್ದಾನೆ ಎಂಬ ಸುದ್ದಿ ತಯಾರಿ ಆಟದ ನಡುವೆಯೇ ಹೊರಬಿತ್ತು. ಪಕ್ಕೆಲುಬು, ಭುಜ, ಮೂತ್ರಪಿಂಡ, ಎಲ್ಲವನ್ನೂ ಆ ತಂಡಕ್ಕೆ ಸವೆಸಿದ್ದವನು. ಮೈದಾನ ಬಿಟ್ಟು ಹೋಗುವಾಗ ತನ್ನ ಊರಿನ ಜನರೇ ಅವನನ್ನು ಕೂಗಿ ಹಂಗಿಸಿದರು. ಆ ಸದ್ದು ತನಗೂ ಕೇಳಿಸಿತು, ನೋವಾಯಿತು ಎಂದು ಅವನೇ ಆಮೇಲೆ ಹೇಳಿದ.

ಒಂದು ಚಿಕ್ಕ ಒಳ್ಳೆಯ ಸುದ್ದಿಯೂ ಇದೆ. 2023ರ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಬ್ರಾಕ್ ಪರ್ಡಿ ಮೊಣಕೈ ಹೋಯಿತು, ಅವನ ಬದಲಿಗೆ ಬಂದ ಜಾಶ್ ಜಾನ್ಸನ್ ತಲೆಗೆ ಪೆಟ್ಟಾಯಿತು. ಎಸೆಯಲಾಗದ ಪರ್ಡಿಯೇ ಮತ್ತೆ ಬಂದು ನಿಂತು 31-7 ಸೋತರು. ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಬಾಕಿ ಇದ್ದ ಆಟ ಅದು. ಅದಾದ ಮೇಲೆ ಮೂರನೇ ಕ್ವಾರ್ಟರ್‌ಬ್ಯಾಕ್‌ನನ್ನು ತುರ್ತಿಗೆಂದು ಇಟ್ಟುಕೊಳ್ಳಲು ಲೀಗ್ ಜಾಗ ಮಾಡಿಕೊಟ್ಟಿತು. ಜಾಗವೇನೋ ಆಯಿತು. ಅವನಿಗೆ ಅಭ್ಯಾಸದಲ್ಲಿ ಎಸೆತ ಸಿಗುತ್ತದೆಯೇ ಎಂದು ಮಾತ್ರ ಕೇಳಬೇಡಿ.

ಇನ್ನು ನಿಮ್ಮ ಮಗನ ವಿಷಯ. ಬಿಡಿಸಿ, ಬಿಡಬೇಡಿ ಎಂದು ನಾನು ಇಲ್ಲಿ ಕೂತು ಹೇಳಲಾರೆ. ಒಂದು ಸಂಜೆ ಅಭ್ಯಾಸಕ್ಕೆ ಹೋಗಿ ಬೇಲಿಯಾಚೆ ನಿಲ್ಲಿ. ತನ್ನದೇ ತಂಡದ ಆಟದಲ್ಲಿ ಅವನಿಗೆ ಎಷ್ಟು ಎಸೆತ ಸಿಗುತ್ತದೆ ಎಣಿಸಿ. ತಲೆಗೆ ಪೆಟ್ಟಾದವನನ್ನು ಕೋಚ್ ಏನು ಮಾಡುತ್ತಾರೆ ಎಂದು ಕೇಳಿ. ಎರಡಕ್ಕೂ ಸರಿಯಾದ ಉತ್ತರ ಸಿಕ್ಕಿದರೆ ಹುಡುಗ ಆಡಿಕೊಂಡಿರಲಿ. ಎಣಿಸಿದ್ದು ಎಷ್ಟು ಎಂದು ನನಗೂ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ. ಈ ಸಲ ತಲೆಬರಹ ಮಾತ್ರ ನೀವೇ ಕೊಡಿ.