ಬ್ಯಾಗ್ ತಡವಾಗಿ ಬಂದ ಆ ಎರಡು ಸಾಲು

ನಮಸ್ಕಾರ.

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ನೇರವಾಗಿ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ಇದರೊಳಗೆ ನಿಜವಾಗಿಯೂ ಒಂದು ಒಳ್ಳೆಯ ಲೇಖನ ಇದೆ. ಅದು ಇರುವುದು ಆರನೇ ಪುಟದ ಎರಡೇ ಎರಡು ಸಾಲಿನಲ್ಲಿ.

ಜಪಾನಿನ ‘ದೈಕಾನ್ 3’ ಅನಿಮೇಷನ್ ನೋಡಿ ಮರುಳಾದಿರಿ. ಅದರಲ್ಲಿ ಬರುವ ಶಾಲಾ ಹುಡುಗಿಯನ್ನು ನಿಮ್ಮ ಕೈಯಲ್ಲೇ ಹಾಳೆಯ ಮೇಲೆ ಬಿಡಿಸಿ ಓಡುವಂತೆ ಮಾಡಿದಿರಿ. ಹಾಗೆ ಮಾಡುತ್ತಾ ನಿಮ್ಮದೇ ಶೈಲಿ ಸಿಕ್ಕಿತು. ಇದಲ್ವಾ ನೀವು ಹೇಳಹೊರಟಿದ್ದು? ಆದರೆ ಮೊದಲ ನಾಲ್ಕು ಪುಟ ಜಪಾನಿ ಅನಿಮೇಷನ್ ಬೆಳೆದುಬಂದ ದಾರಿಗೇ ಹೋಗಿದೆ. ಆ ಪುಟಗಳನ್ನು ಯಾರು ಬೇಕಾದರೂ ಬರೆಯಬಹುದು. ತೆಗೆದುಬಿಡಿ. ‘ಶೈಲಿ ಎಂಬುದು ಕಲಾವಿದನ ಆತ್ಮದ ಕನ್ನಡಿ’ ಎಂಬ ಸಾಲನ್ನೂ ಹೊಡೆದುಹಾಕಿ. ‘ಅನನ್ಯ ಅನುಭೂತಿ’, ‘ನಿರಂತರ ಪಯಣ’ ಕೂಡ ಬೇಡ. ಎಲ್ಲೋ ಓದಿದ್ದು ಕೈಗೆ ಬಂದುಬಿಟ್ಟಿದೆ.

ಒಂದು ತಪ್ಪು ತಿದ್ದಬೇಕು. ‘ದೈಕಾನ್ 3’ ಗೈನಾಕ್ಸ್ ಸ್ಟುಡಿಯೋದ ಕೆಲಸ ಎಂದಿದ್ದೀರಿ. ಅದು ತಯಾರಾದ 1981ರಲ್ಲಿ ಆ ಸ್ಟುಡಿಯೋ ಹುಟ್ಟಿಯೇ ಇರಲಿಲ್ಲ. ಅದು ಶುರುವಾಗಿದ್ದು 1984ರ ಕೊನೆಗೆ. ಒಸಾಕಾದಲ್ಲಿ ನಡೆದ ಸೈನ್ಸ್ ಫಿಕ್ಷನ್ ಅಭಿಮಾನಿಗಳ ಸಮ್ಮೇಳನದ ಉದ್ಘಾಟನೆಗೆಂದು ‘ದೈಕಾನ್ 3’ ಮಾಡಿದವರು ಹಿದೆಯಾಕಿ ಆನ್ನೊ, ಹಿರೋಯುಕಿ ಯಮಾಗಾ, ತಕಾಮಿ ಅಕಾಯಿ ಎಂಬ ಕಾಲೇಜು ಹುಡುಗರು ಮತ್ತು ಅವರ ಗೆಳೆಯರು. ಅನಿಮೇಷನ್ ಚಿತ್ರ ಬಿಡಿಸುವ ಪಾರದರ್ಶಕ ಸೆಲ್ ಹಾಳೆ ದುಬಾರಿ ಅಂತ ವಿನೈಲ್ ಹಾಳೆಯ ಮೇಲೆ ಬಣ್ಣ ಹಚ್ಚಿದರು. 8 ಎಂಎಂ ಫಿಲ್ಮಿನಲ್ಲಿ ತೆಗೆದರು. ಸುಮಾರು ಐದು ನಿಮಿಷದಲ್ಲಿ ಗಾಡ್ಜಿಲಾದಿಂದ ಹಿಡಿದು ತಮಗೆ ಇಷ್ಟವಾದದ್ದನ್ನೆಲ್ಲ ತುಂಬಿದರು.

ಇದನ್ನು ಸುಮ್ನೆ ತಪ್ಪು ಹುಡುಕಲು ಹೇಳುತ್ತಿಲ್ಲ. ಅವರನ್ನು ನೀವು ಎಲ್ಲೋ ಎತ್ತರದಲ್ಲಿ ಕೂರಿಸಿ ಕೈಮುಗಿದು ಬರೆದಿದ್ದೀರಿ. ಅವರೂ ಆಗ ನಿಮ್ಮ ಹಾಗೆ ಅಭಿಮಾನಿಗಳೇ. 1983ರ ‘ದೈಕಾನ್ 4’ರಲ್ಲಿ ಆನ್ನೊ ಬಿಡಿಸಿದ ಸ್ಫೋಟಗಳನ್ನು ಇನ್ನೊಮ್ಮೆ ನೋಡಿ. ಮರುವರ್ಷ ಬಂದ ನಿರ್ದೇಶಕ ಹಯಾವೊ ಮಿಯಾಜಾಕಿಯವರ ‘ನೌಸಿಕಾ’ ಚಿತ್ರದಲ್ಲಿ ದೈತ್ಯಯೋಧ ಮೈ ಕರಗುತ್ತಲೇ ಬೆಂಕಿ ಉಗುಳುವ ದೃಶ್ಯವನ್ನೂ ನೋಡಿ. ಅದನ್ನು ಬಿಡಿಸಿದವರೂ ಆನ್ನೊ ಅವರೇ. ಹಣ ಬೇರೆ, ಹಾಳೆ ಬೇರೆ, ಕೈ ಮಾತ್ರ ಅದೇ.

ಈಗ ನಿಮ್ಮ ಕೈಗೆ ಬರುತ್ತೇನೆ. ಗಾಜಿನ ಕೆಳಗೆ ಮೊಬೈಲ್ ಟಾರ್ಚ್ ಇಟ್ಟುಕೊಂಡು ಎ4 ಹಾಳೆಗಳಲ್ಲಿ ಒಂಬತ್ತು ಸೆಕೆಂಡಿನ ಓಟ ಬಿಡಿಸಿದಿರಿ. ಸೆಕೆಂಡಿಗೆ 24 ಫ್ರೇಮ್, ಒಂದೊಂದು ಚಿತ್ರಕ್ಕೆ ಎರಡು ಫ್ರೇಮ್, ಒಟ್ಟು 108 ಹಾಳೆ. ಮೊದಲ ಸಲ ಗೆರೆಗಳೆಲ್ಲ ನಡುಗಿದವು. ಅದರ ಬಗ್ಗೆ ಒಂದಿಡೀ ಪುಟ ಬರೆದು ‘ಆ ನಡುಕವೇ ನನ್ನ ಶೈಲಿ’ ಎಂದಿದ್ದೀರಿ. ಅಲ್ಲ. ಹಾಳೆ ಜರುಗಿದೆ, ಅಷ್ಟೇ. ಹಾಗೆ ಜರುಗಿದರೆ ಯಾರ ಗೆರೆಯಾದರೂ ನಡುಗುತ್ತದೆ.

ಮುಂದೆ ನೀವೇ ಬರೆದಿದ್ದೀರಿ. ಹಾಳೆ ಜರುಗದಂತೆ ಹಿಡಿಯುವ ಗೂಟದ ಪಟ್ಟಿ, ಅಂದರೆ ಪೆಗ್ ಬಾರ್ ತಂದು, ಹಾಳೆಗೆ ತೂತು ಹೊಡೆದು ಸಿಕ್ಕಿಸಿ, 108 ಹಾಳೆಯನ್ನೂ ಮತ್ತೆ ಮೊದಲಿಂದ ಬಿಡಿಸಿದಿರಿ. ನಡುಕ ಹೋಯಿತು. ಆಮೇಲೆ ಆ ಎರಡು ಸಾಲು ಬರುತ್ತವೆ: ‘ಹುಡುಗಿಯ ಬೆನ್ನಿನ ಬ್ಯಾಗ್ ಮಾತ್ರ ಈ ಸಲವೂ ತಡವಾಗಿ ಬಂತು. ಅವಳು ತಿರುಗಿದ ಮೇಲೆ ಅದು ತಿರುಗಿ, ಭುಜವನ್ನು ಹಿಂದಕ್ಕೆ ಎಳೆಯಿತು.’

ಇಲ್ಲಿ ನನಗೆ ಮೈ ಜುಮ್ಮೆಂದಿತು. ಮೂಲದಲ್ಲಿ ಆ ಬ್ಯಾಗ್ ಜೆಟ್‌ಪ್ಯಾಕ್ ಆಗಿ ಅವಳನ್ನು ಮೇಲಕ್ಕೆ ಹಾರಿಸುತ್ತದೆ. ನಿಮ್ಮದರಲ್ಲಿ ಅದು ಅವಳನ್ನು ನೆಲಕ್ಕೆ ಜಗ್ಗುತ್ತದೆ. ಹಾಳೆ ಸರಿಯಾಗಿ ಕೂತ ಮೇಲೂ ಉಳಿದುಕೊಂಡಿತು ನೋಡಿ, ಅದು ನಿಮ್ಮದು. ಇಂಥದ್ದನ್ನು ಎರಡು ಸಾಲಿನಲ್ಲಿ ಹೇಳಿ ಮುಂದಕ್ಕೆ ಓಡಿಬಿಟ್ಟಿದ್ದೀರಿ!

ನೀವು ಜೊತೆಗೆ ಕಳಿಸಿದ ಕ್ಲಿಪ್ಪನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಿ ನೋಡಿದೆ. 61ನೇ ಹಾಳೆಯಲ್ಲಿ ಅವಳ ಮುಖ ಈ ಕಡೆ ತಿರುಗಿದೆ, ಬ್ಯಾಗ್ ಇನ್ನೂ ಆ ಕಡೆಗೇ ಇದೆ. 63ರಲ್ಲಿ ಪಟ್ಟಿ ಬಿಗಿದು ತೋಳಿನ ಬಟ್ಟೆ ಸುಕ್ಕಾಗಿದೆ. 64ರಲ್ಲಿ ಅವಳು ಹೆಬ್ಬೆರಳನ್ನು ಪಟ್ಟಿಯ ಕೆಳಗೆ ತೂರಿಸಿ ಭಾರವನ್ನು ಚೂರು ಮೇಲಕ್ಕೆತ್ತಿದ್ದಾಳೆ. ಈ ಹೆಬ್ಬೆರಳಿನ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲ. ಯಾಕೆ? ಹಾಗೆ ಹಿಡಿಯುವುದನ್ನು ಎಲ್ಲಿ ನೋಡಿದಿರಿ? ನಿಮ್ಮದೇ ಭುಜದ ಮೇಲಾ, ತಂಗಿಯ ಮೇಲಾ, ಬಸ್ಸಿನಲ್ಲಿ ಮುಂದೆ ನಿಂತ ಯಾರೋ ಮಗುವಿನ ಮೇಲಾ? ಆ ಬ್ಯಾಗಿನೊಳಗೆ ಏನಿತ್ತು?

ಇದನ್ನು ಬರೆಯಿರಿ. 61ನೇ ಹಾಳೆಯಿಂದಲೇ ಶುರು ಮಾಡಿ. ‘ದೈಕಾನ್’ ಅಂದರೆ ಜಪಾನಿಯಲ್ಲಿ ಮೂಲಂಗಿ ಅಂತಲೂ ಕೇಳಿಸುತ್ತದೆ ಅನ್ನುವುದು, ಆ ಹುಡುಗಿ ಒಣಗಿದ ಮೂಲಂಗಿಗೆ ನೀರು ಹಾಕುವುದು ಓದುಗರಿಗೆ ಗೊತ್ತಿರಲಿಕ್ಕಿಲ್ಲ. ಅದಕ್ಕೆ ಮೂರ್ನಾಲ್ಕು ಸಾಲು ಸಾಕು. ಎರಡನೇ ಸಲ ಬಿಡಿಸುವಾಗ ಬ್ಯಾಗನ್ನು ‘ಸರಿ’ ಮಾಡಲು ನೋಡಿದ್ದೆ ಅಂತ ಹೇಳಿದ್ದೀರಿ. ಎಷ್ಟು ಹಾಳೆ ಅಳಿಸಿದಿರಿ, ಯಾವಾಗ ಕೈಬಿಟ್ಟಿರಿ, ಅದನ್ನೂ ಹೇಳಿ. ಸಾವಿರ ಪದಕ್ಕಿಂತ ಜಾಸ್ತಿ ಬೇಡ.

ಬರೆದದ್ದನ್ನು ನನಗೇ ನೇರವಾಗಿ ಕಳಿಸಿ. 61ರಿಂದ 64ರವರೆಗಿನ ನಾಲ್ಕು ಹಾಳೆಗಳ ಸ್ಕ್ಯಾನ್ ಕೂಡ ಇರಲಿ, ಅಳಿಸಿದ ಗುರುತುಗಳನ್ನು ಒರೆಸದೆ. ಲೇಖನದ ಜೊತೆ ಅವನ್ನೂ ಅಚ್ಚು ಮಾಡುವ ಆಸೆ ನನಗಿದೆ.