‘ಬರೇ ಡ್ರಾಯಿಂಗ್ ಐತಿ, ಅದಕ್ಯಾಕ ಇಷ್ಟ ಸಿಟ್ಟು?’

ಹೆಸರು, ಓಣಿ, ಶಾಲೆ ಎಲ್ಲ ಮರೆಮಾಡಿದ್ದೇನೆ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅಪ್ಪ, ಮಗ ಇಬ್ಬರೂ ಒಪ್ಪಿದ್ದಾರೆ.

ಇವರನ್ನು ಮಂಜುನಾಥ ಅಂತ ಕರೆಯೋಣ. ವಯಸ್ಸು ಮೂವತ್ತರ ಆಸುಪಾಸು, ಊರು ಹುಬ್ಬಳ್ಳಿ. ನಾಲ್ಕು ವರ್ಷದ ಬಿವಿಎ (ದೃಶ್ಯಕಲಾ) ಪದವಿ ಮುಗಿಸಿದ್ದಾರೆ. ಹಗಲು ಒಂದು ಖಾಸಗಿ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರು, ಸಂಜೆ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್. ಏಳನೇ ತರಗತಿಯ ಹುಡುಗನೊಬ್ಬನ ಚಿತ್ರವನ್ನು ಇಡೀ ಕ್ಲಾಸಿನ ಮುಂದೆ ಹರಿದು ಹಾಕಿದ್ದರು. ತಾಯಿ ದೂರು ಕೊಟ್ಟರು. ಶಾಲೆ ಎಚ್ಚರಿಕೆ ಪತ್ರ ಕೊಟ್ಟಿತು. ‘ಒಮ್ಮೆ ಯಾರ ಹತ್ತಿರವಾದರೂ ಮಾತಾಡಿ’ ಎಂದು ಮುಖ್ಯ ಶಿಕ್ಷಕಿಯೇ ಆಪ್ತಸಮಾಲೋಚಕಿಯಾದ ನನ್ನ ಬಳಿ ಕಳಿಸಿದರು.

ಆಗಿದ್ದು ಇಷ್ಟು. ಶಾಲೆಯಲ್ಲಿ ಸ್ಪರ್ಧೆ ಇತ್ತು, ವಿಷಯ ‘ನಮ್ಮೂರ ಜಾತ್ರೆ’. ಹುಡುಗ ಫೋನಿನಲ್ಲಿ ಎಐಗೆ ಹೇಳಿ ಚಿತ್ರ ಮಾಡಿಸಿದ್ದ. ಝೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿ, ಕೆಳಗೆ ತನ್ನ ಹೆಸರು ಬರೆದು ತಂದಿದ್ದ. "ಪ್ರತಿ ಶಿವರಾತ್ರಿಗೆ ಸಿದ್ಧಾರೂಢ ಮಠದ ತೇರು ನೋಡತಾನ್ರಿ ಅಂವ. ಚಿತ್ರದಾಗಿನ ತೇರು ಯಾವ ಊರಿಂದೂ ಅಲ್ಲ ಮೇಡಂ," ಎಂದರು ಮಂಜುನಾಥ. ಅವರಿಗೆ ಹೆಚ್ಚು ನೋವಾಗಿದ್ದು ಇದರಿಂದಲ್ಲ. ಹುಡುಗನ ತಾಯಿ ಆಫೀಸಿನಲ್ಲಿ ಕೂತು ಆಡಿದ ಮಾತಿನಿಂದ. "ಬರೇ ಡ್ರಾಯಿಂಗ್ ಐತಿ, ಅದಕ್ಯಾಕ ಇಷ್ಟ ಸಿಟ್ಟು?" ಎಂದಿದ್ದರಂತೆ ಅವರು.

ಮೊದಲ ಭೇಟಿಯಲ್ಲಿ ಎಐ ಮೇಲಿನ ಸಿಟ್ಟೇ ಜಾಸ್ತಿ ಬಂತು. ನಾನು ಕೇಳಿಸಿಕೊಂಡೆ. ಆಮೇಲೆ ನಿದ್ದೆಯ ಬಗ್ಗೆ ಕೇಳಿದೆ. ರಾತ್ರಿ ಎರಡು, ಮೂರು ಗಂಟೆಯವರೆಗೂ ನಿದ್ದೆ ಇಲ್ಲ. ಗೆಳೆಯರನ್ನು ಕಾಣುವುದು ಬಿಟ್ಟಿದ್ದಾರೆ. ತಮಗಾಗಿ ಚಿತ್ರ ಬರೆಯುವುದು ಯಾವಾಗಲೋ ನಿಂತಿದೆ. ಇಂಥ ಕಡೆ ಒಂದು ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳಬಾರದು. ಜೀವ ತೆಗೆದುಕೊಳ್ಳುವ ಯೋಚನೆ ಬರುತ್ತಾ ಎಂದು ನೇರವಾಗಿಯೇ ಕೇಳಿದೆ. "ಹಂಗೇನಿಲ್ರಿ. ಬೆಳಿಗ್ಗೆ ಎದ್ದು ಏನ್ ಮಾಡೂದೈತಿ ಅನಸ್ತದ, ಅಷ್ಟ," ಎಂದರು. ಆ ‘ಅಷ್ಟ’ ನನಗೆ ಸಾಕಾಗಲಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ವೈದ್ಯರಿಗೆ ತೋರಿಸಲೇಬೇಕು, ನನ್ನ ಜೊತೆ ಮಾತು ಅದರ ಪಕ್ಕದಲ್ಲಿ ನಡೆಯಲಿ ಎಂದೆ. ರಾತ್ರಿ ತಡೆಯದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಎಂದೂ ಹೇಳಿದೆ. ಡಿಮ್ಹಾನ್ಸ್‌ಗೆ ಹೋಗಿ ಬಂದರು.

ಮುಂದಿನ ಭೇಟಿಗಳಲ್ಲಿ ಫ್ಲೆಕ್ಸ್ ಅಂಗಡಿಯ ಸುದ್ದಿ ಬಂತು. ಮೊದಲೆಲ್ಲ ಹುಟ್ಟುಹಬ್ಬದ ಬ್ಯಾನರ್ ಆಗಲಿ, ಗಣಪತಿ ಮಂಡಳಿಯದ್ದಾಗಲಿ, ಹಿನ್ನೆಲೆ, ಬಣ್ಣ, ಅಕ್ಷರ ಇವರೇ ಯೋಚಿಸಿ ಮಾಡುತ್ತಿದ್ದರು. ಈಗ ಗಿರಾಕಿ ಫೋನು ಚಾಚುತ್ತಾನೆ. "ಇದನ್ನ ಹಂಗ ಹಾಕ್ರಿ, ಹೆಸರಷ್ಟ ಸೇರಸ್ರಿ." ಇಬ್ಬರು ಡಿಸೈನರ್ ಯಾಕೆ, ಒಬ್ಬರು ಸಾಕಲ್ಲ ಎಂದು ಮಾಲೀಕರೂ ಗೊಣಗಲು ಶುರು ಮಾಡಿದ್ದಾರೆ.

ಅಪ್ಪ ಏನು ಮಾಡುತ್ತಿದ್ದರು ಎಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದರು.

ಅಪ್ಪ ಬೋರ್ಡ್ ಬರೆಯುವವರು. ಅಂಗಡಿಯ ಫಲಕ, ಲಾರಿಯ ನಂಬರು, ಗೋಡೆ ಮೇಲಿನ ಜಾಹೀರಾತು. ಹರೆಯದಲ್ಲಿ ನಾಟಕ ಕಂಪನಿಗಳಿಗೆ ಪರದೆಯನ್ನೂ ಬರೆದವರು: ಕಾಡು, ರಸ್ತೆ, ದರ್ಬಾರು. ಸೀಮೆಸುಣ್ಣ ಹಚ್ಚಿದ ದಾರ ಎಳೆದು ಗೆರೆ ಹಾಕಿ, ಎನಾಮಲ್ ಪೇಂಟಿನಲ್ಲಿ ಅಕ್ಷರ ಬರೆದು, ಮೂಲೆಯಲ್ಲಿ ಚಿಕ್ಕದಾಗಿ ತಮ್ಮ ‘ಆರ್ಟ್ಸ್’ ಹೆಸರು ಹಾಕುತ್ತಿದ್ದರು. ಫ್ಲೆಕ್ಸ್ ಮಶಿನ್ ಬಂದ ಮೇಲೆ ಕೆಲಸ ಒಂದೊಂದಾಗಿ ಹೋಯಿತು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಫ್ಲೆಕ್ಸ್ ಕೂಡ ಇತ್ತು. ಇನ್ನು ಬ್ರಷ್ ಕೆಲಸ ವಾಪಸ್ ಬರುತ್ತೆ ಎಂದು ಅಪ್ಪ ಡಬ್ಬಿ, ಬ್ರಷ್ ಎಲ್ಲ ತೆಗೆದು ತೊಳೆದಿಟ್ಟರು. ಬರಲಿಲ್ಲ. ಫ್ಲೆಕ್ಸ್ ಎಲ್ಲಿಗೂ ಹೋಗಲಿಲ್ಲ, ನೋಡುತ್ತಿದ್ದೀರಲ್ಲ. ಮಗ ಆಮೇಲೆ ಅದೇ ಫ್ಲೆಕ್ಸ್ ಅಂಗಡಿಗೆ ಸೇರಿದ್ದನ್ನು ಅಪ್ಪ ಏನೂ ಅನ್ನಲಿಲ್ಲ.

ಕಾಲೇಜಿನಲ್ಲಿ ಯಾರಾದರೂ ಕೇಳಿದರೆ ‘ಅಪ್ಪಂದು ಸಣ್ಣ ಬಿಸಿನೆಸ್’ ಎನ್ನುತ್ತಿದ್ದರಂತೆ ಮಂಜುನಾಥ. ಕೊನೆಯ ವರ್ಷದ ಪ್ರದರ್ಶನಕ್ಕೆ ಅಪ್ಪನನ್ನು ಕರೆದಿರಲಿಲ್ಲ. ಇದನ್ನು ಹೇಳುವಾಗ ಅತ್ತರು. ಎಐ ಸಿಟ್ಟಿನ ಕೆಳಗೆ ಇದು ಕೂತಿತ್ತು ಅನಿಸುತ್ತದೆ. ಅಪ್ಪನ ಕೆಲಸವನ್ನು ‘ಬರೇ ಪೇಂಟಿಂಗ್’ ಅಂದುಕೊಂಡವರಿಗೆ ‘ಬರೇ ಡ್ರಾಯಿಂಗ್’ ಎಂಬ ಮಾತು ಎಲ್ಲಿ ನಾಟಿರಬೇಕು! ಇದನ್ನು ನಾನು ಅವರಿಗೆ ಬಿಡಿಸಿ ಹೇಳಲಿಲ್ಲ. ಸ್ವಲ್ಪ ದಿನ ಬಿಟ್ಟು ಅವರೇ ಹೇಳಿದರು.

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಇದೆ. ಓದುಗರು ಒಪ್ಪದಿದ್ದರೂ ಸರಿ.

ನಮ್ಮ ಭಾಗದಲ್ಲಿ ಕಲೆ ಕಲಿಸುವ ಶಾಲೆಗಳು ಇವತ್ತಿನವಲ್ಲ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಸ್ವಾತಂತ್ರ್ಯಕ್ಕೂ ಮೊದಲೇ ಚಿತ್ರಕಲಾ ಶಾಲೆ ಕಟ್ಟಿದರು. ಗದಗಿನಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾ ಮಂದಿರ ಇದೆ. ಇಂಥ ಕಡೆ ಕಲಿತವರು ಹಳ್ಳಿ ಹಳ್ಳಿಯ ಹೈಸ್ಕೂಲಿಗೆ ಡ್ರಾಯಿಂಗ್ ಮಾಸ್ತರರಾಗಿ ಹೋದರು. ಆ ಮಾಸ್ತರರಿಗೆ ಊರಲ್ಲಿ ನೂರು ಕೆಲಸ. ಗ್ಯಾದರಿಂಗ್‌ನ ಸ್ಟೇಜ್ ಅವರದೇ, ಗಣಪತಿಯ ಹಿಂದಿನ ಸೀನರಿಯೂ ಅವರದೇ. ನಾನು ಚಿತ್ರಗಾರನೋ, ಮಾಸ್ತರನೋ, ಬೋರ್ಡ್ ಬರೆಯುವವನೋ ಎಂದು ಅವರು ತಲೆ ಕೆಡಿಸಿಕೊಂಡಂತಿಲ್ಲ. ಸಂಗೀತದಲ್ಲೂ ಅಷ್ಟೇ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಜೊತೆಗೇ ನಾಟಕ ಕಂಪನಿಯೂ ನಡೆಯಿತು. ಅಂಧ ಮಕ್ಕಳ ಊಟ, ಪಾಠಕ್ಕೆ ಆ ದುಡ್ಡೂ ಆಸರೆ. ಮಲ್ಲಿಕಾರ್ಜುನ ಮನ್ಸೂರರಂಥವರೇ ಹುಡುಗರಾಗಿದ್ದಾಗ ನಾಟಕ ಕಂಪನಿಯಲ್ಲಿ ಇದ್ದವರು. ಹೊಟ್ಟೆಪಾಡು ಸೇರಿದರೆ ಕಲೆ ಮೈಲಿಗೆ ಎಂಬ ಲೆಕ್ಕ ಇಲ್ಲಿ ಇರಲಿಲ್ಲ.

ಈಗ ಏನಾಗಿದೆ? ಕಾಲೇಜಿನಲ್ಲಿ ಕಲಾವಿದ ಎಂದರೆ ಪ್ರದರ್ಶನ ಮಾಡುವವನು ಎಂಬ ಒಂದೇ ಚಿತ್ರ ಹುಡುಗರ ತಲೆಯಲ್ಲಿ ಕೂರುತ್ತದೆ. ಹೊರಗೆ ಬಂದರೆ ಸಿಗುವುದು ಶಾಲೆ, ಫ್ಲೆಕ್ಸ್, ಮದುವೆ ಮಂಟಪ. ಸಿಕ್ಕ ಕೆಲಸವೆಲ್ಲ ಸೋಲಿನ ಹಾಗೆ ಕಾಣುತ್ತದೆ. ಕೊಟೇಶನ್ ಬರೆಯುವುದು ಹೇಗೆ, ಅಡ್ವಾನ್ಸ್ ಕೇಳುವುದು ಹೇಗೆ, ಅರವತ್ತು ಮಕ್ಕಳ ಕ್ಲಾಸ್ ಹಿಡಿಯುವುದು ಹೇಗೆ ಎಂದು ತನಗೆ ಯಾರೂ ಹೇಳಿಕೊಡಲಿಲ್ಲ ಎಂದರು ಮಂಜುನಾಥ. ಇನ್ನು ಶಾಲೆಯ ಕಡೆ ನೋಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆ ಮತ್ತು ವಿಜ್ಞಾನದ ನಡುವೆ, ಪಠ್ಯ ಮತ್ತು ಪಠ್ಯೇತರದ ನಡುವೆ ಗೋಡೆ ಬೇಡ ಎಂದಿತು. ಆದರೆ ಎಸ್ಸೆಸ್ಸೆಲ್ಸಿಯ ಒಟ್ಟು ಅಂಕಗಳಲ್ಲಿ ಡ್ರಾಯಿಂಗ್‌ಗೆ ಜಾಗ ಇಲ್ಲ. ಗಣಿತದ ಪೋರ್ಷನ್ ಉಳಿದರೆ ಮೊದಲು ಹೋಗುವುದು ಡ್ರಾಯಿಂಗ್ ಪಿರಿಯಡ್. ಹಾಗಿರುವಾಗ ಆ ತಾಯಿಯ ಮಾತನ್ನು ತಾಯಿಯೊಬ್ಬಳ ತಪ್ಪು ಅಂತ ಹೇಗೆ ಹೇಳೋದು?

ಒಂದು ದಿನ ಅಪ್ಪನೂ ಬಂದರು. ಕಡಿಮೆ ಮಾತಿನ ಮನುಷ್ಯ.

"ನಾ ಕಲಾವಿದ ಅಂತ ಎಂದೂ ತಿಳ್ಕೊಂಡಿಲ್ರಿ ಬಾಯಾರ. ಕೆಲಸ ಚೊಕ್ಕ ಬರಬೇಕು, ರೊಕ್ಕ ಬರಬೇಕು, ಅಷ್ಟ. ಇವಂಗ ಕಾಲೇಜ್‌ನ್ಯಾಗ ದೊಡ್ಡ ಭಾರ ಹೊರಿಸಿ ಕಳಿಸ್ಯಾರ," ಎಂದರು. ಆಮೇಲೆ ಮಗನ ಕಡೆ ನೋಡದೆ ಹೇಳಿದರು: "ಫ್ಲೆಕ್ಸ್ ಬಂದಾಗ ನಂಗೂ ಹಿಂಗ ಆಗಿತ್ತು. ಯಾರ ಮುಂದ ಹೇಳಲಿ? ಕುಡ್ಯಾಕ ಹತ್ತಿದ್ದೆ. ಇವರವ್ವ ಬಿಡಿಸಿದಳು. ನನ್ನ ಕರೀಲಿಲ್ಲ ಅಂತ ಬ್ಯಾಸರ ಇಲ್ಲ. ಬ್ರಷ್ ಬಿಟ್ಟು ಕುಂತಾನಲ್ಲ, ಅದು ಬ್ಯಾಸರ."

ಕುಡಿತದ ವಿಷಯ ಮಗನಿಗೆ ಗೊತ್ತಿತ್ತು. ಅದರ ಕಾರಣ ಗೊತ್ತಿರಲಿಲ್ಲ.

ಕೊಟ್ಟ ಸಲಹೆಗಳ ಮಾತಿಗೆ ಬರುತ್ತೇನೆ. ಮೊದಲನೆಯದು ಕ್ಷಮೆ. ಹರಿದದ್ದು ಕ್ಲಾಸಿನ ಮುಂದೆ, ಹಾಗಾಗಿ ಕ್ಷಮೆ ಕೇಳುವುದೂ ಕ್ಲಾಸಿನ ಮುಂದೆಯೇ ಆಗಬೇಕು ಎಂದೆ. "ಮೋಸ ಮಾಡಿದಂವ ಅಂವರಿ," ಎಂದು ವಾದಿಸಿದರು. ಮೋಸದ ಮಾತು ಬೇರೆ ದಿನ ಆಡಿ, ಕ್ಷಮೆಯ ಹಿಂದೆ ‘ಆದರೆ’ ಹಚ್ಚಬೇಡಿ ಎಂದೆ. ನನ್ನ ಕೋಣೆಯಲ್ಲೇ ಆ ಮಾತನ್ನು ಹೇಳಿ ರೂಢಿ ಮಾಡಿಕೊಂಡರು. ಎರಡು ವಾಕ್ಯ ಹೇಳೋಕೆ ಅಷ್ಟು ಕಷ್ಟವಾಗಿದ್ದನ್ನು ನಾನು ಹೆಚ್ಚು ಜನರಲ್ಲಿ ಕಂಡಿಲ್ಲ. ಶಾಲೆಯಲ್ಲಿ ಹೇಳಿದರು.

ಎಐ ಜೊತೆ ಕ್ಲಾಸಿನಲ್ಲಿ ಏನು ಮಾಡುವುದು ಎಂಬುದು ನನ್ನ ಕ್ಷೇತ್ರವಲ್ಲ. ಮಕ್ಕಳ ಜೊತೆ ಜಗಳ ಆಗದ ಹಾಗೆ ಏನು ಮಾಡಬಹುದು, ನೀವೇ ಹೇಳಿ ಎಂದು ಕೇಳಿದೆ. ಉತ್ತರ ಅವರದೇ. ಅಂಥದ್ದೇ ಒಂದು ಎಐ ಜಾತ್ರೆಯ ಚಿತ್ರ ತೋರಿಸಿ, ಇದರಲ್ಲಿ ನಮ್ಮೂರಿನದಲ್ಲದ್ದು ಏನಿದೆ ಎಂದು ಮಕ್ಕಳನ್ನು ಕೇಳಿದರು. ಬೋರ್ಡು ತುಂಬಿತಂತೆ. ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆಯುವವರೇ ಇಲ್ಲ. ಮಿರ್ಚಿ, ಗಿರಮಿಟ್ ಅಂಗಡಿ ಇಲ್ಲ. ಅಜ್ಜಿಯರ ಸೆರಗು ತಲೆ ಮೇಲಿಲ್ಲ. ಜಾತ್ರೆ ನೋಡಲು ಹತ್ತಿದ ಮರ, ಮಾಳಿಗೆ ಇಲ್ಲ. ಆ ಹುಡುಗನೂ ಎರಡು ಹೇಳಿದ. ಮುಂದಿನ ಸ್ಪರ್ಧೆಯ ಚಿತ್ರ ಕ್ಲಾಸಿನಲ್ಲೇ ಕೂತು ಬರೆಯುವುದು, ಕಚ್ಚಾ ಗೆರೆಯ ಹಾಳೆಯನ್ನೂ ಜೊತೆಗೆ ಕೊಡುವುದು ಎಂದು ನಿಯಮ ಆಯಿತು.

ಫ್ಲೆಕ್ಸ್ ಕೆಲಸ ಬಿಡಲಾ ಎಂದು ಪದೇ ಪದೇ ಕೇಳುತ್ತಿದ್ದರು. ನಿದ್ದೆ ಸರಿಯಾಗುವವರೆಗೆ ಯಾವ ಕೆಲಸವನ್ನೂ ಬಿಡಬೇಡಿ ಎಂದೆ. ಮನಸ್ಸು ಕುಗ್ಗಿದಾಗ ಮಾಡಿದ ತೀರ್ಮಾನಕ್ಕೆ ಆಮೇಲೆ ಬಾಡಿಗೆ ಕಟ್ಟುವವರು ನಾವೇ. ಆದರೆ ಅಂಗಡಿಯಿಂದ ಸಂಬಳ ಮಾತ್ರ ನಿರೀಕ್ಷಿಸಿ, ಮರ್ಯಾದೆ, ಸಮಾಧಾನ ಎಲ್ಲ ಅಲ್ಲೇ ಸಿಗಬೇಕು ಅಂತ ಕೂರಬೇಡಿ ಎಂದೆ. ರಾತ್ರಿ ಒಂಬತ್ತಕ್ಕೆ ಎದ್ದು ಬರುವುದು ಎಂದು ಮಾಲೀಕರ ಹತ್ತಿರ ಮಾತಾಡಿಕೊಂಡರು.

ದಿನಕ್ಕೊಂದು ಚಿಕ್ಕ ಸ್ಕೆಚ್ ಮಾಡಿ ಎಂಬ ನನ್ನ ಸಲಹೆ ನಡೆಯಲಿಲ್ಲ. ಪುಸ್ತಕ ಕೊಂಡರು, ಖಾಲಿ ಇದೆ. ಶಿಗ್ಗಾವಿ ಹತ್ತಿರ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ನೋಡಿ ಬನ್ನಿ ಎಂದಿದ್ದೆ. ಹಳ್ಳಿಯ ಬದುಕನ್ನು ಸಿಮೆಂಟಿನಲ್ಲಿ ಆಳೆತ್ತರ ನಿಲ್ಲಿಸಿ, ಟಿಕೆಟ್ ಕೊಂಡು ನೋಡುವ ಜಾಗ ಮಾಡಿದ್ದಾರೆ. ಗ್ಯಾಲರಿಯ ಹೊರಗೂ ಕಲಾವಿದರಿಗೆ ಕೆಲಸ ಇದೆ ಎಂದು ಕಣ್ಣಾರೆ ನೋಡಲಿ ಅಂತ. ಇನ್ನೂ ಹೋಗಿಲ್ಲ. ತಾವೇ ಶುರು ಮಾಡಿದ್ದು ಬೇರೆ. ದುರ್ಗದ ಬೈಲ್ ಸುತ್ತ ಉಳಿದಿರುವ ಅಪ್ಪನ ಹಳೆಯ ಬೋರ್ಡುಗಳ ಫೋಟೊ ತೆಗೆಯುತ್ತಿದ್ದಾರೆ. ಅಪ್ಪ, ಮಗ ಕೂಡಿ ಕನ್ನಡದ ಹೊಸ ಫಾಂಟ್ ಮಾಡಿದರು ಎಂದು ಬರೆದರೆ ಕತೆ ಚೆನ್ನಾಗಿರುತ್ತಿತ್ತು ಅಲ್ವಾ? ಹಾಗೇನೂ ಆಗಿಲ್ಲ. ಫೋಟೊ ಅಷ್ಟೇ ಇವೆ. ಯಾವ ಬೋರ್ಡ್ ಯಾವ ವರ್ಷದ್ದು ಎಂದು ಅಪ್ಪ ಹೇಳುತ್ತಾರೆ, ಊಟದ ಹೊತ್ತಿಗೆ ಮಾತು ಆಗುತ್ತದೆ.

ಮುಖ್ಯ ಶಿಕ್ಷಕಿಗೂ, ಮಂಜುನಾಥರ ಒಪ್ಪಿಗೆ ಪಡೆದು, ಒಂದು ಮಾತು ಹೇಳಿದೆ. ಎಚ್ಚರಿಕೆ ಪತ್ರ ಸರಿಯೇ, ಮಕ್ಕಳ ಮೇಲೆ ಹಾಗೆ ಸಿಟ್ಟು ತೀರಿಸಿಕೊಳ್ಳಬಾರದು. ಜೊತೆಗೆ ಡ್ರಾಯಿಂಗ್ ಪಿರಿಯಡ್ ಬೇರೆ ವಿಷಯಕ್ಕೆ ಕೊಡುವುದನ್ನೂ ನಿಲ್ಲಿಸಿ ಎಂದೆ. ಪರೀಕ್ಷೆಯ ತಿಂಗಳು ಬಿಟ್ಟು ಉಳಿದ ದಿನಗಳಿಗೆ ಒಪ್ಪಿದರು.

ನಿದ್ದೆ ಈಗ ಪರವಾಗಿಲ್ಲ. ಹುಡುಗನ ತಾಯಿ ಇನ್ನೂ ಮುಖ ಕೊಟ್ಟು ಮಾತಾಡುವುದಿಲ್ಲ, ಅದು ಅವರ ಹಕ್ಕು. ಕಳೆದ ಭೇಟಿಯಲ್ಲಿ ಮಂಜುನಾಥ ಎಂವಿಎ (ದೃಶ್ಯಕಲೆಯ ಸ್ನಾತಕೋತ್ತರ ಪದವಿ) ಮಾಡಲಾ ಎಂದು ಕೇಳಿದರು. ಕಲಿಯುವ ಆಸೆ ಇದ್ದರೆ ಮಾಡಿ, ಇನ್ನೆರಡು ವರ್ಷ ‘ಮುಂದೇನು’ ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳೋಕೆ ಆದರೆ ಬೇಡ ಎಂದೆ. ಎರಡರಲ್ಲಿ ಯಾವುದು ಎಂದು ಒಂದು ಪುಟ ಬರೆದು ತರಲು ಹೇಳಿದ್ದೇನೆ. ಇನ್ನೂ ತಂದಿಲ್ಲ.